ಸ್ಲೋ ಕುಕ್ಕರ್, ಥರ್ಮಲ್ ಕುಕ್ಕರ್, ಕರೆಂಟಿನ ಪ್ರೆಶರ್ ಕುಕ್ಕರ್: ನಮ್ಮ ಸಾರು-ಹುಳಿಗೆ ಯಾವುದು ಸರಿ?

ಹುರುಳಿಸಾರು ತಿನ್ನಬೇಕು, ಮಟನ್ ಮೂಳೆ ಬಿಡುವಷ್ಟು ಬೇಯಬೇಕು, ಆದರೆ ಒಲೆ ಮುಂದೆ ನಿಲ್ಲಲು ಪುರಸೊತ್ತಿಲ್ಲ. ಸ್ಲೋ ಕುಕ್ಕರ್ ಕೊಳ್ಳುವ ಯೋಚನೆ ಬರುವುದು ಸಾಮಾನ್ಯವಾಗಿ ಇಲ್ಲಿಂದಲೇ. ಅಂಗಡಿಗೆ ಹೋದರೆ, ‘ಸ್ಲೋ ಕುಕ್’ ಗುಂಡಿಯೂ ಇರುವ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್ ಪಕ್ಕದಲ್ಲೇ ಕೂತಿರುತ್ತದೆ. ಮಂಗಳೂರು ಕಡೆಯ ನೆಂಟರು ಕರೆಂಟೇ ಬೇಡದ ಥರ್ಮಲ್ ಕುಕ್ಕರ್ ತಗೊಳ್ಳಿ ಅನ್ನುತ್ತಾರೆ. ಮನೆಯ ಹಿರಿಯರ ಪ್ರಶ್ನೆ ಇನ್ನೂ ನೇರ: ಇರುವ ಕುಕ್ಕರಿಗೆ ಏನಾಗಿದೆ?

ಹಿರಿಯರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ನಾಲ್ಕರಲ್ಲಿ ಯಾವುದು ನಿಮಗೆ ಸರಿ ಎಂಬುದು ಯಂತ್ರಕ್ಕಿಂತ ಹೆಚ್ಚಾಗಿ ನಿಮ್ಮ ವಾರದ ಅಡುಗೆಯ ಮೇಲೆ ನಿಂತಿದೆ.

ಮೊದಲು ಕೇಳಿಕೊಳ್ಳಬೇಕಾದ್ದು

ಕಳೆದ ಎರಡು ವಾರ ಮನೆಯಲ್ಲಿ ಏನೇನು ಬೇಯಿಸಿದಿರಿ ಎಂದು ಬರೆದುಕೊಳ್ಳಿ. ಕಾಳು, ಮಟನ್, ನಾಟಿಕೋಳಿ, ಕಾಲು ಸೂಪು ಇವೆಲ್ಲ ಹೊತ್ತು ಬೇಡುವ ಅಡುಗೆಗಳು. ತೊಗರಿಬೇಳೆ ಹುಳಿ, ತಿಳಿಸಾರು, ಪಲ್ಯ, ಅನ್ನಕ್ಕೆ ಹೊತ್ತು ಬೇಡ, ಕಾವು ಬೇಕು. ಮೊದಲ ಗುಂಪಿನವು ವಾರಕ್ಕೆ ಎರಡು ಸಲವೂ ಬರದಿದ್ದರೆ ಸ್ಲೋ ಕುಕ್ಕರ್ ಆರು ತಿಂಗಳಲ್ಲಿ ಅಟ್ಟ ಸೇರುತ್ತದೆ.

ಎರಡನೆಯದು, ನೀವು ಮನೆಯಿಂದ ಎಷ್ಟು ಹೊತ್ತು ಹೊರಗಿರುತ್ತೀರಿ ಎಂಬುದು. ಬೆಳಗ್ಗೆ ಎಂಟಕ್ಕೆ ಹೋಗಿ ಸಂಜೆ ಏಳಕ್ಕೆ ಬರುವವರಿಗೂ ಮಧ್ಯಾಹ್ನ ಮನೆಯಲ್ಲಿರುವವರಿಗೂ ಉತ್ತರ ಬೇರೆ. ಮೂರನೆಯದು ಕರೆಂಟು: ಹಗಲಲ್ಲಿ ಎಷ್ಟು ಸಲ, ಎಷ್ಟು ಹೊತ್ತು ಹೋಗುತ್ತದೆ? ಉಳಿದದ್ದು ಅಡುಗೆಕಟ್ಟೆಯಲ್ಲಿ ಜಾಗ, ತೊಳೆಯುವ ಕಷ್ಟ, ಬೆಲೆ.

ಸ್ಲೋ ಕುಕ್ಕರ್ ಹೇಗೆ ಬೇಯಿಸುತ್ತದೆ

ಅಮೆರಿಕದ ಇರ್ವಿಂಗ್ ನಾಕ್ಸನ್ 1940ರಲ್ಲಿ ಪೇಟೆಂಟ್ ಪಡೆದ ಪಾತ್ರೆಯೇ ಇದರ ಮೂಲ. ಕಾಳು ಬೇಯಿಸುವ ಪಾತ್ರೆಯಾಗಿ ಮಾರಾಟವಾಗುತ್ತಿದ್ದ ಅದು 1971ರಲ್ಲಿ ಕ್ರಾಕ್-ಪಾಟ್ ಎಂಬ ಹೆಸರಿನಲ್ಲಿ ಮನೆಮನೆಗೆ ಹೋಯಿತು. ದಪ್ಪ ಪಿಂಗಾಣಿ ಪಾತ್ರೆ, ಅದರ ಸುತ್ತ ಸಣ್ಣ ಹೀಟರು, ಮೇಲೆ ಗಾಜಿನ ಮುಚ್ಚಳ, ಇಷ್ಟೇ. 3.5 ಲೀಟರಿನದು ಸುಮಾರು 200 ವ್ಯಾಟ್, 6 ಲೀಟರಿನದು 250ರಿಂದ 300 ವ್ಯಾಟ್ ಎಳೆಯುತ್ತದೆ.

‘ಲೋ’ ಅಂದರೆ ಕಡಿಮೆ ಬಿಸಿ, ‘ಹೈ’ ಅಂದರೆ ಹೆಚ್ಚು ಬಿಸಿ ಎಂದು ತಿಳಿದವರೇ ಬಹಳ. ಹೆಚ್ಚಿನ ಸ್ಲೋ ಕುಕ್ಕರುಗಳಲ್ಲಿ ಎರಡೂ ಕೊನೆಗೆ ಹೋಗಿ ನಿಲ್ಲುವುದು ಕುದಿಬಿಂದುವಿನ ಸಮೀಪಕ್ಕೇ. ‘ಹೈ’ ಅಲ್ಲಿಗೆ ಮೂರು-ನಾಲ್ಕು ಗಂಟೆಯಲ್ಲಿ ಮುಟ್ಟುತ್ತದೆ, ‘ಲೋ’ ಏಳೆಂಟು ಗಂಟೆಯಲ್ಲಿ. ಹಾಗಾಗಿ ‘ಲೋ’ದಲ್ಲಿ 8 ಗಂಟೆ ಎಂದರೆ ‘ಹೈ’ನಲ್ಲಿ ಸುಮಾರು 4 ಗಂಟೆ ಎಂದು ಲೆಕ್ಕ ಹಾಕಬಹುದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97 ಡಿಗ್ರಿಗೆ. ವಿದೇಶಿ ಪಾಕವಿಧಾನದಲ್ಲಿ 8 ಗಂಟೆ ಅಂದಿದ್ದರೆ ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನಲ್ಲಿ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಒಲೆಯ ಮೇಲಿನ ಪ್ರೆಶರ್ ಕುಕ್ಕರ್ ಒಳಗೆ 120 ಡಿಗ್ರಿ ಆಗುತ್ತದೆ. ಆ ಇಪ್ಪತ್ತು ಡಿಗ್ರಿಯ ಅಂತರ, ಜೊತೆಗೆ ಬಿಸಿಯೇರುವುದೇ ನಿಧಾನ, ಇವೆರಡೂ ಸೇರಿ ಕುಕ್ಕರಿನಲ್ಲಿ ನಿಮಿಷಗಳ ಕೆಲಸವನ್ನು ಗಂಟೆಗಳಿಗೆ ಎಳೆಯುತ್ತವೆ.

ಅಷ್ಟು ಹೊತ್ತು ಕಾದು ಸಿಗುವ ಲಾಭವೇನು? ಮಟನ್ನಿನ ಕಾಲು, ಭುಜದ ತುಂಡುಗಳಲ್ಲಿರುವ ನಾರು ನಿಧಾನವಾಗಿ ಕರಗಿ ಸಾರಿಗೆ ಅಂಟು ಬರುತ್ತದೆ. ಪ್ರೆಶರಿನಲ್ಲೂ ಅದು ಕರಗುತ್ತದೆ, ಆದರೆ ಒಂದು ವಿಸಿಲ್ ಹೆಚ್ಚಾದರೆ ಮಾಂಸ ಎಳೆಎಳೆಯಾಗಿ ಒಣಗುತ್ತದೆ. ನಿಧಾನದಲ್ಲಿ ಅರ್ಧ ಗಂಟೆ ಆಚೀಚೆ ಆದರೂ ಕೆಡುವುದಿಲ್ಲ. ಕಾಳೂ ಅಷ್ಟೇ, ಸಿಪ್ಪೆ ಒಡೆಯದೆ ಒಳಗೆ ಬೆಣ್ಣೆಯಾಗುತ್ತದೆ.

ದಿನದ ಅಡುಗೆಯನ್ನು ಇದಕ್ಕೆ ಒಗ್ಗಿಸುವಾಗ

ಎಲ್ಲರೂ ಮೊದಲು ಎಡವುವುದು ನೀರಿನಲ್ಲಿ. ಮುಚ್ಚಳಕ್ಕೆ ಹತ್ತಿದ ಹಬೆ ಮತ್ತೆ ಒಳಗೇ ಇಳಿಯುವುದರಿಂದ ನೀರು ಇಂಗುವುದಿಲ್ಲ. ತೆರೆದ ಪಾತ್ರೆಯಲ್ಲಿ ನಾಲ್ಕು ಲೋಟ ನೀರು ಹಾಕುವ ಸಾರಿಗೆ ಇಲ್ಲಿ ಎರಡರಿಂದ ಎರಡೂವರೆ ಸಾಕು. ಒಣಕಾಳು ಮಾತ್ರ ನೀರು ಕುಡಿಯುತ್ತದೆ, ಅದಕ್ಕೆ ಕಡಿಮೆ ಮಾಡಬೇಡಿ. ತೆಳುವಾಗಿಬಿಟ್ಟರೆ ಕೊನೆಯ ಅರ್ಧ ಗಂಟೆ ಮುಚ್ಚಳ ತೆಗೆದು ‘ಹೈ’ಗೆ ಇಟ್ಟರೆ ಗಟ್ಟಿಯಾಗುತ್ತದೆ ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ. 200 ವ್ಯಾಟಿನಲ್ಲಿ ಅದು ಆಗುವ ಮಾತಲ್ಲ. ಒಲೆ ಮೇಲೆ ಐದು ನಿಮಿಷ ಕುದಿಸಿ, ಇಲ್ಲವೇ ಒಂದು ಚಮಚ ಹುರಿಗಡಲೆ ಪುಡಿ ಕದಡಿ ಹಾಕಿ.

ಎರಡನೆಯದು ಹುಳಿ. ಹುಣಸೆ, ಟೊಮೆಟೊ, ಕೋಕಂ ಮೊದಲೇ ಬಿದ್ದರೆ ಕಾಳು, ಬೇಳೆ, ತರಕಾರಿ ಯಾವುದೂ ಮೆತ್ತಗಾಗುವುದಿಲ್ಲ. ಪ್ರೆಶರ್ ಕುಕ್ಕರಿನ ಕಾವು ಈ ತಪ್ಪನ್ನು ಮುಚ್ಚಿಹಾಕುತ್ತದೆ, ಸ್ಲೋ ಕುಕ್ಕರ್ ಮುಚ್ಚುವುದಿಲ್ಲ. ಹತ್ತು ಗಂಟೆ ಆದರೂ ಕಾಳು ಕಲ್ಲಾಗಿಯೇ ಇದೆ ಎಂದು ಗೊಣಗುವವರು ಹುಣಸೆರಸ ಯಾವಾಗ ಹಾಕಿದೆವು ಎಂದು ನೆನಪು ಮಾಡಿಕೊಳ್ಳಲಿ. ಬೋರ್‌ವೆಲ್ಲಿನ ಗಡಸು ನೀರೂ ಇದೇ ಕೆಲಸ ಮಾಡುತ್ತದೆ. ಫಿಲ್ಟರ್ ನೀರು ಬಳಸಿ, ಇಲ್ಲದಿದ್ದರೆ ನೆನೆಸುವಾಗ ಒಂದು ಚಿಟಿಕೆ ಅಡುಗೆಸೋಡಾ ಹಾಕಿ ಆ ನೀರು ಚೆಲ್ಲಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ಮಾತ್ರ ನಿಜವಲ್ಲ. ಅರ್ಧ ಉಪ್ಪನ್ನು ಮೊದಲೇ ಹಾಕಿದರೆ ಒಳಗೆ ರುಚಿ ಹಿಡಿಯುತ್ತದೆ.

ಇಲ್ಲಿ ಏನೂ ಕೆಂಪಗಾಗುವುದಿಲ್ಲ. ಹಸಿ ಈರುಳ್ಳಿ, ಹಸಿ ಶುಂಠಿ-ಬೆಳ್ಳುಳ್ಳಿ ಹಾಕಿದರೆ ಎಂಟು ಗಂಟೆಯ ನಂತರವೂ ಬೇಯಿಸಿದ ಈರುಳ್ಳಿಯ ವಾಸನೆಯೇ ಉಳಿಯುತ್ತದೆ. ಬಾಣಲೆಯಲ್ಲಿ ಐದು ನಿಮಿಷ ಬಾಡಿಸಿ ಹಾಕಿದರೆ ಸಾರಿನ ಬಣ್ಣವೂ ರುಚಿಯೂ ಬೇರೆ. ಈ ಒಂದು ಹೆಚ್ಚುವರಿ ಪಾತ್ರೆ ತೊಳೆಯುವುದು ಬೇಡ ಅನ್ನುವವರು ಸ್ಲೋ ಕುಕ್ಕರ್ ಆಸೆ ಬಿಡುವುದೇ ಒಳ್ಳೆಯದು. ಒಗ್ಗರಣೆಯಂತೂ ಕೊನೆಯಲ್ಲಿ, ಒಲೆಯ ಮೇಲೆಯೇ.

ಇಡೀ ಚಕ್ಕೆ, ಲವಂಗ, ಮರಾಠಿ ಮೊಗ್ಗು ಹೊತ್ತು ಹೋದಷ್ಟೂ ಬಿಟ್ಟುಕೊಳ್ಳುತ್ತಲೇ ಇರುತ್ತವೆ. ಒಲೆಯಲ್ಲಿ ನಾಲ್ಕು ಲವಂಗ ಹಾಕುವಲ್ಲಿ ಎರಡು ಸಾಕು. ಪುಡಿಗಳದ್ದು ಇದಕ್ಕೆ ತದ್ವಿರುದ್ಧ. ಸಾರಿನಪುಡಿ, ಧನಿಯಾಪುಡಿಯ ಘಮ ಆರಿಹೋಗುವುದರಿಂದ ಅರ್ಧ ಮೊದಲು, ಅರ್ಧ ಇಳಿಸುವ ಇಪ್ಪತ್ತು ನಿಮಿಷ ಮುಂಚೆ. ರುಬ್ಬಿದ ಕಾಯಿ ಮಸಾಲೆ ಎಂಟು ಗಂಟೆ ಬೆಂದರೆ ಎಣ್ಣೆ ಬಿಟ್ಟು, ಒಡೆದು, ತರಿತರಿಯಾಗುತ್ತದೆ. ಅದಕ್ಕೆ ಕೊನೆಯ ಮುಕ್ಕಾಲು ಗಂಟೆ ಸಾಕು. ತೆಂಗಿನಹಾಲು, ಮೊಸರು, ಹಾಲು ಇವಕ್ಕೆ ಹದಿನೈದು-ಇಪ್ಪತ್ತು ನಿಮಿಷ. ಮಜ್ಜಿಗೆಹುಳಿಯನ್ನು ಇದರಲ್ಲಿ ಮಾಡಲು ಹೋಗಬೇಡಿ, ಹಾಗೆಯೇ ಬೆಂಡೆಕಾಯಿ, ಮೀನು, ಪಲ್ಯ ಕೂಡ. ಮುದ್ದೆಯ ಮಾತು ಬೇಡವೇ ಬೇಡ.

ಆಲೂಗೆಡ್ಡೆ, ಕ್ಯಾರೆಟ್, ನವಿಲುಕೋಸು ಇದರಲ್ಲಿ ಮಾಂಸಕ್ಕಿಂತ ನಿಧಾನ ಬೇಯುತ್ತವೆ. ಅವನ್ನು ತಳಕ್ಕೆ, ಬದಿಗೆ ಹಾಕಿ ಮೇಲೆ ಮಾಂಸ ಇಡಿ. ನುಗ್ಗೆ, ಬದನೆ, ಸೌತೆ, ಕುಂಬಳ ‘ಹೈ’ನಲ್ಲಿ ಕೊನೆಯ ಒಂದು-ಒಂದೂವರೆ ಗಂಟೆ. ಸೊಪ್ಪು ಹದಿನೈದು ನಿಮಿಷ. ನಡುವೆ ಹೇಗಾಗಿದೆ ನೋಡೋಣ ಎಂದು ಮುಚ್ಚಳ ಎತ್ತಿದರೆ ಪ್ರತಿ ಸಲವೂ ಇಪ್ಪತ್ತು ನಿಮಿಷ ಹಿಂದಕ್ಕೆ ಬೀಳುತ್ತೀರಿ.

ರಾಜ್ಮಾ: ಇದನ್ನು ಹಾರಿಸಿ ಓದಬೇಡಿ

ಹಸಿ ರಾಜ್ಮಾದಲ್ಲಿ ಫೈಟೋಹೀಮಾಗ್ಲುಟಿನಿನ್ ಎಂಬ ವಿಷಾಂಶ ಇದೆ. ನಾಲ್ಕೈದು ಹಸಿ ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ವಾಂತಿ-ಭೇದಿ ಶುರುವಾಗಬಹುದು. ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ. ಕುದಿಯದೆ 75–80 ಡಿಗ್ರಿಯಲ್ಲಿ ಬೆಚ್ಚಗೆ ಕೂತರೆ ವಿಷ ತಗ್ಗುವುದಿಲ್ಲ, ಹಸಿ ಕಾಳಿಗಿಂತಲೂ ಏರಬಹುದು. ಸ್ಲೋ ಕುಕ್ಕರಿನ ಮೊದಲ ಗಂಟೆಗಳು ಹೀಗೆಯೇ ಇರುತ್ತವೆ. ಆದ್ದರಿಂದ ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಹತ್ತು ನಿಮಿಷ ಕೊತಕೊತ ಕುದಿಸಿ, ಆಮೇಲೆ ಸ್ಲೋ ಕುಕ್ಕರಿಗೆ ಹಾಕಿ. ಅವರೆ, ಅಲಸಂದೆ, ಹುರುಳಿಗೂ ಇದೇ ಅಭ್ಯಾಸ ಇಟ್ಟುಕೊಂಡರೆ ನಷ್ಟವಿಲ್ಲ, ಬೇಗವೂ ಬೇಯುತ್ತವೆ. ಪ್ರೆಶರ್ ಕುಕ್ಕರಿನಲ್ಲಿ ಪೂರ್ತಿ ಬೇಯಿಸಿದರೆ ಈ ತಲೆನೋವೇ ಇಲ್ಲ.

ಎರಡು ಅಡುಗೆ, ಅಳತೆ ಸಮೇತ

ಹುರುಳಿಕಟ್ಟಿನ ಸಾರು: ಒಂದು ಲೋಟ (200 ಗ್ರಾಂ) ಹುರುಳಿಯನ್ನು ರಾತ್ರಿ ನೆನೆಸಿ. ಬೆಳಗ್ಗೆ ಒಂದೂಕಾಲು ಲೀಟರ್ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಬಿಸಿಯಾಗಿಯೇ ಸ್ಲೋ ಕುಕ್ಕರಿಗೆ ಸುರಿದು ಅರ್ಧ ಚಮಚ ಉಪ್ಪು ಹಾಕಿ. ‘ಲೋ’ದಲ್ಲಿ 8–9 ಗಂಟೆ, ‘ಹೈ’ ಆದರೆ 5. ಸಂಜೆ ಕಟ್ಟು ಬಸಿದುಕೊಂಡು, ಎರಡು ಸೌಟು ಕಾಳನ್ನು ಮಸಾಲೆ ಜೊತೆ ರುಬ್ಬಿ ಕಟ್ಟಿಗೆ ಸೇರಿಸಿ, ಹುಣಸೆರಸ ಹಾಕಿ ಒಲೆಯ ಮೇಲೆ ಒಂದು ಕುದಿ. ಒಗ್ಗರಣೆಗೆ ಬೆಳ್ಳುಳ್ಳಿ ಧಾರಾಳವಾಗಿರಲಿ. ಉಳಿದ ಕಾಳು ಪಲ್ಯಕ್ಕೆ. ಬಸ್ಸಾರು ಮಾಡುವವರಿಗೆ ಈ ಕ್ರಮ ಹೊಸದೇನಲ್ಲ. ಆದರೆ ಎಂಟು ಗಂಟೆ ಬೆಂದ ಕಟ್ಟಿನ ಮಂದ, ಆರು ವಿಸಿಲಿನ ಕಟ್ಟಿಗೆ ಬರುವುದಿಲ್ಲ.

ಮಟನ್ ಸಾರು: ಮೂಳೆ ಸಮೇತ ಮುಂಗಾಲು ಅಥವಾ ಭುಜದ ಮಾಂಸ 750 ಗ್ರಾಂ. ಫ್ರೀಜರಿನಿಂದ ನೇರ ಹಾಕುವಂತಿಲ್ಲ, ಪೂರ್ತಿ ಕರಗಿರಬೇಕು. ಬಾಣಲೆಯಲ್ಲಿ ಎರಡು ಚಮಚ ಎಣ್ಣೆ, ಈರುಳ್ಳಿ, ಶುಂಠಿ-ಬೆಳ್ಳುಳ್ಳಿ, ಅರಿಶಿನ ಹಾಕಿ, ಮಾಂಸ ಬಿಟ್ಟ ನೀರು ಇಂಗುವ ತನಕ ಹುರಿಯಿರಿ. ಸ್ಲೋ ಕುಕ್ಕರಿಗೆ ಹಾಕಿ ಅರ್ಧ ಲೀಟರ್ ಬಿಸಿನೀರು ಸೇರಿಸಿ. ತಣ್ಣೀರು ಹಾಕಿದರೆ ಬಿಸಿಯೇರಲು ಒಂದು ಗಂಟೆ ಹೆಚ್ಚು ಬೇಕು, ಮಾಂಸ ಅಷ್ಟು ಹೊತ್ತು ಉಗುರುಬೆಚ್ಚಗೆ ಕೂರುವುದು ಒಳ್ಳೆಯದಲ್ಲ. ‘ಲೋ’ 7–8 ಗಂಟೆ. ಕಾಯಿ, ಹುರಿಗಡಲೆ, ಕೊತ್ತಂಬರಿ, ಗಸಗಸೆ ಹಾಕಿ ರುಬ್ಬಿದ ಮಸಾಲೆಯನ್ನು ಒಂದಿಷ್ಟು ಎಣ್ಣೆಯಲ್ಲಿ ಹಸಿವಾಸನೆ ಹೋಗುವಂತೆ ಬಾಡಿಸಿ, ಕೊನೆಯ 45 ನಿಮಿಷಕ್ಕೆ ಸೇರಿಸಿ ‘ಹೈ’ಗೆ ತಿರುಗಿಸಿ. ನಾಟಿಕೋಳಿಗೂ ಇದೇ ಲೆಕ್ಕ, 6–7 ಗಂಟೆ. ಫಾರಂ ಕೋಳಿ ಕಾಲಿನ ತುಂಡಾದರೆ ‘ಲೋ’ 4 ಗಂಟೆಗೆ ಮುಗಿಯಿತು, ಎದೆಯ ತುಂಡು ಇದರಲ್ಲಿ ಹತ್ತಿಯಾಗುತ್ತದೆ.

ತೊಗರಿಬೇಳೆ ಬೇಯುವುದಿಲ್ಲವೆಂದಲ್ಲ. ಒಂದು ಲೋಟಕ್ಕೆ ಮೂರು ಲೋಟ ನೀರು, ‘ಹೈ’ 4 ಗಂಟೆ. ಆದರೆ ಮೂರು ವಿಸಿಲಿನಲ್ಲಿ ಆಗುವುದಕ್ಕೆ ಯಾಕೆ?

ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್

ಇನ್‌ಸ್ಟಂಟ್ ಪಾಟ್ ಬಗೆಯವು. ಒಂದೇ ಪಾತ್ರೆಯಲ್ಲಿ ಒಗ್ಗರಣೆ, ಪ್ರೆಶರ್, ಸ್ಲೋ ಕುಕ್ ಮೂರೂ ಆಗುತ್ತವೆ. ಬಾಡಿಸುವುದಕ್ಕೆ ಬೇರೆ ಬಾಣಲೆ ಬೇಡ ಎಂಬುದು ದೊಡ್ಡ ಅನುಕೂಲ. ಸುಮಾರು 6 ಲೀಟರಿನದು 1000 ವ್ಯಾಟ್ ಎಳೆಯುತ್ತದಾದರೂ ಹೊತ್ತು ಕಡಿಮೆ. ಒಳಗಿನ ಒತ್ತಡ ಒಲೆಯ ಕುಕ್ಕರಿಗಿಂತ ಸ್ವಲ್ಪ ಕಡಿಮೆಯಾದ್ದರಿಂದ ನೆನೆಸಿದ ಹುರುಳಿಗೆ ಅರ್ಧ ಗಂಟೆ, ಮಟನ್ನಿಗೆ 25–30 ನಿಮಿಷ ಇಡಬೇಕು. ಒತ್ತಡ ಏರುವ, ತಾನಾಗಿ ಇಳಿಯುವ ಹೊತ್ತು ಸೇರಿಸಿದರೆ ಒಟ್ಟು ಒಂದು ಗಂಟೆ. ಪಕ್ಕದಲ್ಲಿ ನಿಂತು ವಿಸಿಲ್ ಎಣಿಸುವ ಕೆಲಸವಿಲ್ಲ.

ಅದರ ‘ಸ್ಲೋ ಕುಕ್’ ಗುಂಡಿಯನ್ನು ನೋಡಿ ಕೊಳ್ಳುವವರು ಎಚ್ಚರ. ಹೀಟರ್ ತಳದಲ್ಲಿ ಮಾತ್ರ ಇರುವುದರಿಂದ, ಪಾತ್ರೆ ತೆಳು ಸ್ಟೀಲಿನದಾದ್ದರಿಂದ, ಸುತ್ತಲೂ ಕಾಯುವ ಪಿಂಗಾಣಿಯಷ್ಟು ಸಮನಾಗಿ ಬೇಯುವುದಿಲ್ಲ. ಇನ್‌ಸ್ಟಂಟ್ ಪಾಟಿನ ‘ಲೆಸ್’ ಅನ್ನುವುದು ಸ್ಲೋ ಕುಕ್ಕರಿನ ‘ಲೋ’ಗೆ ಸಮನಲ್ಲ, ಅದಕ್ಕಿಂತ ತಣ್ಣಗೆ. ಸ್ಲೋ ಕುಕ್ಕರಿನ ‘ಹೈ’ ಎಂದಿರುವಲ್ಲಿ ‘ಮೋರ್’ ಒತ್ತಿ. ನಿಧಾನದ ಅಡುಗೆ ಅಪರೂಪಕ್ಕೆ ಸಾಕು ಅನ್ನುವವರಿಗೆ ಇದು ಸರಿ, ನಿಧಾನವೇ ಬೇಕೆನ್ನುವವರಿಗೆ ಅರೆಬರೆ.

ಥರ್ಮಲ್ ಕುಕ್ಕರ್

ಕೇರಳದವರು ಚೂಡಾರಾಪ್ಪೆಟ್ಟಿ ಅನ್ನುವುದು ಇದಕ್ಕೇ. ಕುಚ್ಚಲಕ್ಕಿ ಉಣ್ಣುವ ನಮ್ಮ ಕರಾವಳಿಗೂ ಇದು ಹೇಳಿ ಮಾಡಿಸಿದ್ದು. ಒಲೆಯ ಮೇಲೆ ಕುದಿಸಿದ ಪಾತ್ರೆಯನ್ನು ಶಾಖ ಬಿಡದ ಡಬ್ಬಿಯೊಳಗೆ ಇಟ್ಟು ಮುಚ್ಚಿದರೆ ಆಯಿತು. ಒಂದು ಲೋಟ ಕುಚ್ಚಲಕ್ಕಿಗೆ ಐದಾರು ಲೋಟ ನೀರು, ಹದಿನೈದು ನಿಮಿಷ ಕುದಿ, ಡಬ್ಬಿಯಲ್ಲಿ ಒಂದು-ಒಂದೂವರೆ ಗಂಟೆ. ಆಮೇಲೆ ಗಂಜಿ ಬಸಿಯಬಹುದು. ತಳ ಹಿಡಿಯುವುದಿಲ್ಲ, ಉಕ್ಕುವುದಿಲ್ಲ, ಗ್ಯಾಸ್ ಉಳಿಯುತ್ತದೆ. ಸ್ಲೋ ಕುಕ್ಕರಿನಲ್ಲಿ ಇದೇ ಅಕ್ಕಿ ಅಂಟುಮುದ್ದೆಯಾಗುತ್ತದೆ.

ಇದರಲ್ಲಿ ಬಿಸಿ ಏರುವುದಿಲ್ಲ, ಇಳಿಯುತ್ತಲೇ ಹೋಗುತ್ತದೆ. ಪಾತ್ರೆ ಮುಕ್ಕಾಲು ತುಂಬಿದ್ದರೆ ನಾಲ್ಕೈದು ಗಂಟೆ ನಂಬಬಹುದು. ಕಾಲುಭಾಗ ಮಾತ್ರ ತುಂಬಿದರೆ ಎರಡು ಗಂಟೆಯಲ್ಲಿ ಉಗುರುಬೆಚ್ಚಗಾಗುತ್ತದೆ. 60 ಡಿಗ್ರಿಗಿಂತ ಕೆಳಗೆ ಬೇಳೆ-ಮಾಂಸ ಬಿಡುವುದು ಅಪಾಯ, ಹುಳಿತು ಹೋಗುತ್ತದೆ. ಮಟನ್ ಮಾಡುವುದಾದರೆ ಇಪ್ಪತ್ತು ನಿಮಿಷ ಕುದಿಸಿ ಎರಡು ಗಂಟೆ ಇಟ್ಟು, ಮತ್ತೆ ಹತ್ತು ನಿಮಿಷ ಕುದಿಸಿ ಇನ್ನೆರಡು ಗಂಟೆ ಇಡಬೇಕು. ಅಂದರೆ ನಡುವೆ ಯಾರಾದರೂ ಮನೆಯಲ್ಲಿರಬೇಕು. ಬೆಳಗ್ಗೆ ಎಂಟಕ್ಕೆ ಇಟ್ಟು ಸಂಜೆ ಏಳಕ್ಕೆ ತೆಗೆಯುವವರಿಗೆ ಇದು ಸಲ್ಲದು.

ಕರೆಂಟು, ಖರ್ಚು

200 ವ್ಯಾಟಿನದು 8 ಗಂಟೆ ಉರಿದರೆ 1.6 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೂ ಸಾರಿಗೆ ಹನ್ನೊಂದು ರೂಪಾಯಿ ಚಿಲ್ಲರೆ. ತಿಂಗಳಿಗೆ ಹತ್ತು ಸಲ ಇಟ್ಟರೆ 16 ಯೂನಿಟ್, ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಯವರು ಇದನ್ನು ಲೆಕ್ಕಕ್ಕೆ ತಗೊಳ್ಳಲಿ.

ಕರೆಂಟು ಹೋಗುವುದು ಖರ್ಚಿಗಿಂತ ದೊಡ್ಡ ಸಮಸ್ಯೆ. ಗುಂಡಿ ತಿರುಗಿಸುವ ಸಾದಾ ಸ್ಲೋ ಕುಕ್ಕರ್ ಕರೆಂಟು ಬಂದೊಡನೆ ತಾನೇ ಮುಂದುವರಿಯುತ್ತದೆ. ಡಿಜಿಟಲ್ ಮಾದರಿಗಳಲ್ಲಿ ಹಲವು ಆರಿದ್ದು ಆರಿದಂತೆಯೇ ಇರುತ್ತವೆ. ಹಗಲಲ್ಲಿ ಕರೆಂಟು ಹೋಗುವ ಊರಿನವರು ಅಗ್ಗದ, ಗುಂಡಿಯ ಮಾದರಿಯನ್ನೇ ಕೊಳ್ಳಿ. ಒಂದು ತೊಂದರೆಯಿದೆ: ನೀವಿಲ್ಲದಾಗ ಎರಡು-ಮೂರು ಗಂಟೆ ಆರಿ ಮತ್ತೆ ಹತ್ತಿಕೊಂಡಿದ್ದರೆ ಅದು ಗೊತ್ತಾಗುವುದಿಲ್ಲ. ಹಾಗೆ ಆಗಿದೆ ಎಂದು ತಿಳಿದರೆ ಮಾಂಸದ ಅಡುಗೆಯನ್ನು ಚೆಲ್ಲಿಬಿಡಿ, ಬೆಂದಂತೆ ಕಂಡರೂ ಸರಿ. ಮನೆಯಲ್ಲೇ ಇದ್ದರೆ ಒಲೆಗೆ ವರ್ಗಾಯಿಸಿ ಮುಗಿಸಿ. ಅಡುಗೆಮನೆಯ ಪ್ಲಗ್ಗಿಗೆ ಇನ್ವರ್ಟರ್ ಲೈನ್ ಇದ್ದರೆ 200 ವ್ಯಾಟನ್ನು ಅದು ಒಂದೆರಡು ಗಂಟೆ ತಡೆಯುತ್ತದೆ, 1000 ವ್ಯಾಟಿನ ಎಲೆಕ್ಟ್ರಿಕ್ ಕುಕ್ಕರನ್ನು ಮನೆಯ ಸಣ್ಣ ಇನ್ವರ್ಟರ್ ಹೊರುವುದಿಲ್ಲ.

ಅಮೆರಿಕದಲ್ಲಿರುವ ಮಗಳೋ ಅಳಿಯನೋ ತಂದುಕೊಟ್ಟ ಸ್ಲೋ ಕುಕ್ಕರ್ ಇದ್ದರೆ ತಳದ ಪಟ್ಟಿ ಓದಿ. ಅಲ್ಲಿಯದು 120 ವೋಲ್ಟ್, ನಮ್ಮದು 230. ಬರೀ ಪ್ಲಗ್ ಬದಲಿಸುವ ಅಡಾಪ್ಟರ್ ಹಾಕಿದರೆ ಹೀಟರ್ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಬೆಲೆಯೂ ಭಾರವೂ ನೋಡಿದರೆ ಇಲ್ಲಿಯದನ್ನೇ ಕೊಳ್ಳುವುದು ಮೇಲು.

ಹಾಗಾದರೆ ಯಾರಿಗೆ ಯಾವುದು

ದಿನಾ ಹುಳಿ-ಅನ್ನ-ಪಲ್ಯದ ಮನೆ, ತಿಂಗಳಿಗೊಮ್ಮೆ ಕಾಳು: ಏನೂ ಕೊಳ್ಳಬೇಡಿ. ಇರುವ ಕುಕ್ಕರಿನಲ್ಲಿ ಒಂದು ವಿಸಿಲ್ ಬಂದ ಮೇಲೆ ಸಿಮ್‌ನಲ್ಲಿ ಇಪ್ಪತ್ತು ನಿಮಿಷ ಬಿಟ್ಟು ತಾನಾಗಿ ಆರಲು ಬಿಟ್ಟರೆ ಕಾಳು ಬೇಕಾದಷ್ಟು ಮೆತ್ತಗಾಗುತ್ತದೆ. ಮಡಕೆ ಇಟ್ಟು ಸಿಮ್‌ನಲ್ಲಿ ಬೇಯಿಸಿದರೆ ರುಚಿ ಇವೆಲ್ಲಕ್ಕಿಂತ ಮೇಲು, ಆದರೆ ಉರಿ ಬಿಟ್ಟು ಹೊರಗೆ ಹೋಗುವಂತಿಲ್ಲ. ಗಾಳಿಗೆ ಉರಿ ಆರಿ ಗ್ಯಾಸ್ ಸೋರಬಹುದು.

ಕುಚ್ಚಲಕ್ಕಿಯ ಮನೆಗೆ, ಮಧ್ಯಾಹ್ನ ಯಾರಾದರೂ ಇರುವಲ್ಲಿ, ಥರ್ಮಲ್ ಕುಕ್ಕರ್. ಹೊಸದಾಗಿ ಸಂಸಾರ ಹೂಡಿದವರಿಗೆ, ಬಾಡಿಗೆ ರೂಮಿನಲ್ಲಿ ಒಂದೇ ಪ್ಲಗ್ ಇರುವವರಿಗೆ, ವಿದೇಶದಲ್ಲಿ ಗ್ಯಾಸ್ ಒಲೆ ಇಲ್ಲದ ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್. ಒಂದು ಯಂತ್ರ ಹೆಚ್ಚು ಕೆಲಸ ಮಾಡುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವ, ವಾರಕ್ಕೆ ಎರಡು-ಮೂರು ಸಲ ಕಾಳು, ಭಾನುವಾರ ಮಟನ್ ತಪ್ಪದ, ಕರೆಂಟು ನೆಟ್ಟಗಿರುವ ಮನೆಗೆ ಸ್ಲೋ ಕುಕ್ಕರ್.

ಅಳತೆ: ಮೂವರಿಗೆ 3.5 ಲೀಟರ್, ಐದಾರು ಜನಕ್ಕೆ 5ರಿಂದ 6. ಅರ್ಧದಿಂದ ಮುಕ್ಕಾಲಿನೊಳಗೆ ತುಂಬಿದಾಗಲೇ ಚೆನ್ನಾಗಿ ಬೇಯುವುದರಿಂದ ‘ಇರಲಿ’ ಎಂದು ದೊಡ್ಡದು ತಂದರೆ ಸಾರು ಬದಿಯಲ್ಲಿ ಸೀಯುತ್ತದೆ. ಪಿಂಗಾಣಿ ಪಾತ್ರೆಯನ್ನು ಫ್ರಿಜ್ಜಿನಿಂದ ತೆಗೆದು ನೇರ ಬಿಸಿಗೆ ಇಟ್ಟರೆ ಬಿರುಕು ಬಿಡುತ್ತದೆ, ಗ್ಯಾಸಿನ ಮೇಲೆ ಇಡುವಂತೆಯೂ ಇಲ್ಲ. ನಿನ್ನೆಯ ಸಾರನ್ನು ಇದರಲ್ಲಿ ಬಿಸಿ ಮಾಡುವುದೂ ಬೇಡ, ಬಹಳ ಹೊತ್ತು ಉಗುರುಬೆಚ್ಚಗೇ ಉಳಿಯುತ್ತದೆ.

ತಂದ ದಿನವೇ ಅಡುಗೆ ಇಡುವ ಬದಲು ಅರ್ಧ ಪಾತ್ರೆ ನೀರು ತುಂಬಿ, ಮುಚ್ಚಿ, ‘ಲೋ’ದಲ್ಲಿ 8 ಗಂಟೆ ಬಿಡಿ. ಮುಚ್ಚಳ ತೆಗೆದೊಡನೆ ಅಡುಗೆಯ ಥರ್ಮಾಮೀಟರ್ ಅದ್ದಿ ನೋಡಿ: 85ರಿಂದ 95 ಡಿಗ್ರಿಯ ಒಳಗಿದ್ದರೆ ಸರಿ. 85 ಮುಟ್ಟದಿದ್ದರೆ ಮಾಂಸಕ್ಕೆ ಅದು ಸಾಲದು, ವಾರಂಟಿ ಚೀಟಿ ಹಿಡಿದು ಅಂಗಡಿಗೆ ಹೋಗಿ ಬದಲಿಸಿಕೊಳ್ಳಿ. ಎಂಟು ಗಂಟೆಗೆ ಮುಂಚೆಯೇ ಕುದಿಯುತ್ತಿದ್ದರೆ ನಿಮ್ಮದು ಬಿಸಿ ಯಂತ್ರ, ಮೇಲೆ ಹೇಳಿದ ಎಲ್ಲ ಹೊತ್ತಿನಲ್ಲೂ ಒಂದು ಗಂಟೆ ಕಳೆಯಿರಿ.